ಹಗುರ ಸೂಪರ್ ಟೆಲಿ ಲೆನ್ಸ್: ತೂಕ ಇಳಿದದ್ದು ಎಲ್ಲಿ, ನಮ್ಮ ಬಿಸಿಲಲ್ಲಿ ಬಳಸುವುದು ಹೇಗೆ

600 ಮಿಮೀ ಎಫ್/4 ಲೆನ್ಸಿನ ಮುಂಗಾಜಿಗೆ 150 ಮಿಮೀ ಅಗಲ ಬೇಕೇ ಬೇಕು. ಫೋಕಲ್ ಲೆಂತನ್ನು (ದೂರದ್ದನ್ನು ಎಷ್ಟು ಹತ್ತಿರ ತೋರಿಸುತ್ತದೆ ಎಂಬ ಅಳತೆ, ಇಲ್ಲಿ 600) ಎಫ್ ಸಂಖ್ಯೆಯಿಂದ (ಚಿಕ್ಕದಾದಷ್ಟೂ ಹೆಚ್ಚು ಬೆಳಕು, ಇಲ್ಲಿ 4) ಭಾಗಿಸಿದರೆ ಬರುವ ಲೆಕ್ಕ ಅದು, ಯಾವ ಕಂಪನಿಗೂ ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದೇ 600 ಮಿಮೀಯನ್ನು ಎಫ್/6.3ಕ್ಕೆ ಇಳಿಸಿದರೆ 95 ಮಿಮೀ ಸಾಕು. ಅಗಲದ ಜೊತೆ ದಪ್ಪವೂ ಇಳಿಯುವುದರಿಂದ ಗಾಜಿನ ತೂಕ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುತ್ತದೆ. ಕೊಳವೆ, ಮೋಟಾರು, ನಡುಕ ತಡೆಯುವ ಭಾಗ ಇವೆಲ್ಲ ಅಷ್ಟು ಕುಗ್ಗುವುದಿಲ್ಲ. ಹಾಗಾಗಿ ತಕ್ಕಡಿಯಲ್ಲಿ ಸಿಗುವ ಲಾಭ ಅದಕ್ಕಿಂತ ಕಡಿಮೆ: ನಿಕಾನ್ ಝೆಡ್ ಸರಣಿಯ 600 ಮಿಮೀ ಎಫ್/4, ಒಳಗೇ ಕೂಡಿಸಿದ ಟೆಲಿಕನ್ವರ್ಟರ್ (ಫೋಕಲ್ ಲೆಂತ್ ಹಿಗ್ಗಿಸುವ ಗಾಜು) ಸೇರಿ 3260 ಗ್ರಾಂ, 2023ರಲ್ಲಿ ಬಂದ 600 ಮಿಮೀ ಎಫ್/6.3, ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 1470 ಗ್ರಾಂ.

ಅಂದರೆ ಹಗುರತನದ ದೊಡ್ಡ ಪಾಲು ಬೆಳಕನ್ನು ಬಿಟ್ಟುಕೊಟ್ಟು ಗಳಿಸಿದ್ದು. ಉಳಿದದ್ದು ಮಾತ್ರ ವಿನ್ಯಾಸದ ಜಾಣ್ಮೆ. ಕೊಳ್ಳುವ ಮೊದಲು ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ದರೋಜಿ ಕರಡಿಧಾಮದ ಸಂಜೆಯಲ್ಲಿ ಒಂದು ಕೈಕೊಡುತ್ತದೆ, ತುಂಗಭದ್ರಾ ಹಿನ್ನೀರಿನ ಬೆಳಗಿನಲ್ಲಿ ಇನ್ನೊಂದು.

ಉಂಗುರದ ಗಾಜು

ಸಾದಾ ಗಾಜು ನೀಲಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಕೆಂಪನ್ನು ಕಡಿಮೆ. ಹಾಗಾಗಿ ಬಣ್ಣಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಕಪ್ಪು ಕೊಂಬೆಯ ಅಂಚಿಗೆ ನೇರಳೆ ಗೆರೆ ಬೀಳುವುದು ಇದರಿಂದ. ಮಾಮೂಲಿ ಟೆಲಿಯಲ್ಲಿ ಇದನ್ನು ಸರಿಪಡಿಸಲು ಬಣ್ಣ ಕಡಿಮೆ ಚದುರಿಸುವ ಇಡಿ ಗಾಜು, ಫ್ಲೋರೈಟ್ ಎಂದು ಒಂದರ ಹಿಂದೊಂದು ತುಣುಕು ಸೇರಿಸುತ್ತಾರೆ. ಉದ್ದವೂ ತೂಕವೂ ಬೆಳೆಯುತ್ತವೆ. ಗಾಜಿನ ಮೇಲೆ ಅತಿ ಸೂಕ್ಷ್ಮ ವೃತ್ತಾಕಾರದ ಗೀರುಗಳನ್ನು ಮೂಡಿಸಿದರೆ ಬೆಳಕು ವಿವರ್ತನೆಯಿಂದ, ಅಂದರೆ ಸೂಕ್ಷ್ಮ ಅಂಚುಗಳನ್ನು ದಾಟುವಾಗ ಹರಡುವ ಗುಣದಿಂದ, ಬಾಗುತ್ತದೆ. ಅಲ್ಲಿ ಲೆಕ್ಕ ತಿರುವುಮುರುವು: ಕೆಂಪು ಹೆಚ್ಚು ಬಾಗುತ್ತದೆ, ನೀಲಿ ಕಡಿಮೆ. ಎರಡನ್ನೂ ಕೂಡಿಸಿದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಬಣ್ಣ ಚದುರಿಸುವ ಗುಣವನ್ನು ಅಳೆಯುವ ಅಬ್ಬೆ ಸಂಖ್ಯೆ ಸಾದಾ ಗಾಜುಗಳಲ್ಲಿ ಸುಮಾರು 25ರಿಂದ 95ರವರೆಗೆ ಇರುತ್ತದೆ. ವಿವರ್ತನೆಯದು ಋಣ 3.45. ಚಿಹ್ನೆ ತಿರುಗಿದೆ, ಪರಿಣಾಮವೂ ಬಲವಾಗಿದೆ. ಆದ್ದರಿಂದ ಅಂಥ ಒಂದು ಗಾಜಿಗೆ ತುಸುವೇ ಶಕ್ತಿ ಕೊಟ್ಟರೂ ಇಡೀ ಲೆನ್ಸಿನ ಬಣ್ಣದ ದೋಷ ಹತೋಟಿಗೆ ಬರುತ್ತದೆ.

ಕ್ಯಾನನ್ ಇದನ್ನು ಡಿಒ (ಡಿಫ್ರಾಕ್ಟಿವ್ ಆಪ್ಟಿಕ್ಸ್) ಎನ್ನುತ್ತದೆ, ನಿಕಾನ್ ಪಿಎಫ್ (ಫೇಸ್ ಫ್ರೆನೆಲ್) ಎನ್ನುತ್ತದೆ. ಮೊದಲು ಬಂದದ್ದು 2001ರ ಕ್ಯಾನನ್ 400 ಮಿಮೀ ಎಫ್/4 ಡಿಒ. ಉಳಿತಾಯ ಕಣ್ಣಿಗೆ ಕಾಣುವುದು ನಿಕಾನಿನ 300 ಮಿಮೀ ಎಫ್/4ರಲ್ಲಿ. ಅಪರ್ಚರ್ (ಎಫ್ ಸಂಖ್ಯೆ) ಅದೇ, ಫೋಕಲ್ ಲೆಂತ್ ಅದೇ, ಹಳೆಯದು 222.5 ಮಿಮೀ ಉದ್ದ, 1440 ಗ್ರಾಂ. 2015ರ ಪಿಎಫ್ 147.5 ಮಿಮೀ, 755 ಗ್ರಾಂ. ಇದು ನಿಜಕ್ಕೂ ವಿನ್ಯಾಸದ ಗೆಲುವು, ಬೆಳಕಿನಲ್ಲಿ ಏನೂ ಬಿಟ್ಟುಕೊಟ್ಟಿಲ್ಲ.

ಸೆಕೆಂಡ್ ಹ್ಯಾಂಡ್ ಪಿಎಫ್ ನೋಡುವಾಗ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಮುಂದಿನಿಂದ ಇಣುಕಿದರೆ ಒಳಗೆ ನವಿರಾದ ಉಂಗುರಗಳು ಹೊಳೆಯುತ್ತವೆ, ಹಳೆಯ ಗ್ರಾಮಫೋನ್ ತಟ್ಟೆಯ ಹಾಗೆ. ಅದು ಬಳಕೆಯಲ್ಲಿ ಬಿದ್ದ ಗೀರಲ್ಲ, ಫಂಗಸ್ಸೂ ಅಲ್ಲ. ಫಂಗಸ್ ಜೇಡರ ಬಲೆಯಂತೆ ಕವಲೊಡೆದಿರುತ್ತದೆ, ಉಂಗುರಗಳು ಕಂಪಾಸಿನಲ್ಲಿ ಎಳೆದಂತೆ ಒಂದೇ ಕೇಂದ್ರಕ್ಕಿರುತ್ತವೆ.

ಹಗುರ ಲೆನ್ಸೆಲ್ಲ ಉಂಗುರದ್ದೇ ಎಂದುಕೊಳ್ಳಬೇಡಿ. ಸಿಗ್ಮಾ 500 ಮಿಮೀ ಎಫ್/5.6 ಸುಮಾರು 1370 ಗ್ರಾಂ, ಅದರಲ್ಲಿ ವಿವರ್ತನೆಯ ಗಾಜಿಲ್ಲ. ಇನ್ನೊಂದು ದಾರಿ, ಮುಂಗಾಜಿನ ಹಿಂದಿನ ತುಣುಕುಗಳನ್ನು ಕ್ಯಾಮೆರಾ ಬಾಡಿಯ ಕಡೆಗೆ ಸರಿಸುವುದು. ಬೆಳಕಿನ ಕಟ್ಟು ಹಿಂದಕ್ಕೆ ಹೋದಂತೆ ಸಪೂರವಾಗುವುದರಿಂದ ಅಲ್ಲಿ ಚಿಕ್ಕ ಗಾಜು ಸಾಕು. ಕ್ಯಾನನ್ 400 ಮಿಮೀ ಎಫ್/2.8ರ ಎರಡನೇ ಆವೃತ್ತಿ 3850 ಗ್ರಾಂ ಇದ್ದದ್ದು 2018ರ ಮೂರನೆಯದರಲ್ಲಿ 2840 ಗ್ರಾಮಿಗೆ ಇಳಿದದ್ದು ಹೀಗೆ. ಇಂಥ ಲೆನ್ಸ್ ಕೈಯಲ್ಲಿ ಇನ್ನೂ ಹಗುರ ಅನಿಸುತ್ತದೆ, ಏಕೆಂದರೆ ತೂಕ ಮೂತಿಯಿಂದ ಬಾಡಿಯ ಹತ್ತಿರ ಬಂದಿರುತ್ತದೆ.

ಎಷ್ಟು ಉದ್ದದ್ದು ಬೇಕು

ಪ್ರಾಣಿಯ ಉದ್ದವನ್ನು ಫೋಕಲ್ ಲೆಂತಿನಿಂದ ಗುಣಿಸಿ, ದೂರದಿಂದ ಭಾಗಿಸಿ. ಒಂದೂವರೆ ಮೀಟರ್ ಉದ್ದದ ಕರಡಿ 150 ಮೀಟರ್ ದೂರದ ಬಂಡೆಯ ಮೇಲಿದ್ದರೆ 600 ಮಿಮೀ ಲೆನ್ಸಿನಲ್ಲಿ ಅದರ ಬಿಂಬ ಸೆನ್ಸರಿನ ಮೇಲೆ 6 ಮಿಮೀ. ಫುಲ್‌ಫ್ರೇಮ್ ಸೆನ್ಸರಿನ 36 ಮಿಮೀ ಅಗಲದಲ್ಲಿ ಆರನೇ ಒಂದು ಪಾಲು. 45 ಮೆಗಾಪಿಕ್ಸೆಲ್ ಬಾಡಿಯಲ್ಲಿ ಸುಮಾರು 1370 ಪಿಕ್ಸೆಲ್. ಮೊಬೈಲಿಗೆ ಸಾಕು, ದೊಡ್ಡ ಪ್ರಿಂಟಿಗೆ ಸಾಲದು. ಇಪ್ಪತ್ತು ಸೆಂಟಿಮೀಟರಿನ ಹಳದಿ ಕೊರಳಿನ ಪಿಕಳಾರ 15 ಮೀಟರಿನಲ್ಲಿ ಸಿಕ್ಕರೆ ಬಿಂಬ 8 ಮಿಮೀ. ಹತ್ತಿರದ ಹಕ್ಕಿ ದೂರದ ಕರಡಿಗಿಂತ ದೊಡ್ಡದಾಗಿ ಬರುತ್ತದೆ.

ಈಗ ಬೆಳಕು. ಕರಡಿ ಇಳಿದು ಬರುವುದು ಹೊತ್ತು ಇಳಿದ ಮೇಲೆ. ಸೂರ್ಯ ಮುಳುಗುವ ಹೊತ್ತಿನ ಒಂದೇ ಬೆಳಕಿಗೆ 1/250 ಸೆಕೆಂಡಿನಲ್ಲಿ ಎಫ್/4ಕ್ಕೆ ಐಎಸ್‌ಒ (ಸೆನ್ಸರಿನ ಸಂವೇದನೆ) 800 ಸಾಕಾದರೆ, ಎಫ್/6.3ಕ್ಕೆ 2000 ಬೇಕು, ಎಫ್/11ಕ್ಕೆ 6000. ಕ್ಯಾನನ್ 2020ರಲ್ಲಿ ತಂದ 600 ಮತ್ತು 800 ಮಿಮೀ ಎಫ್/11 ಲೆನ್ಸುಗಳು 930 ಮತ್ತು 1260 ಗ್ರಾಂ. ಬೆಲೆಗೆ ತಕ್ಕ ಒಳ್ಳೆಯ ವಸ್ತುಗಳು, ಬಯಲಿನ ಬೆಳಗಿಗೆ ಧಾರಾಳವಾಗಿ ಸಾಕು. ದರೋಜಿಗೆಂದೇ ಕೊಳ್ಳುವವರಿಗೆ ಮಾತ್ರ ಸಲಹೆ ಮಾಡುವುದಿಲ್ಲ. ಅಪರ್ಚರ್ ಬದಲಾಗುವುದಿಲ್ಲ, ಆಟೊಫೋಕಸ್ ಚೌಕಟ್ಟಿನ ನಡುಭಾಗಕ್ಕೆ ಸೀಮಿತ, 800 ಮಿಮೀ 6 ಮೀಟರಿಗಿಂತ ಹತ್ತಿರ ಫೋಕಸ್ ಆಗದು, ದೂಳು ತಡೆಯುವ ಸೀಲಿಂಗ್ ಇಲ್ಲ. ಯಲಬುರ್ಗಾ, ಕುಕನೂರಿನ ಎರೆ ಹೊಲಗಳಲ್ಲಿ ಬೆಳಗ್ಗೆ ಏಳಕ್ಕೆ ಕೃಷ್ಣಮೃಗ ತೆಗೆಯುವವರಿಗೆ ಅದೇ 800 ಮಿಮೀ ವರ.

1.4 ಟೆಲಿಕನ್ವರ್ಟರ್ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು ತಿನ್ನುತ್ತದೆ. 600 ಮಿಮೀ ಎಫ್/6.3 ಹೋಗಿ 840 ಮಿಮೀ ಎಫ್/9 ಆಗುತ್ತದೆ. ಸಂಜೆ ಅದನ್ನು ಬ್ಯಾಗಿನಲ್ಲೇ ಬಿಡಿ.

ಕೈಗೆ ಬಂದ ಮೊದಲ ದಿನ ಪರೀಕ್ಷೆ

ಬೆಳಗ್ಗೆ ಏಳರೊಳಗೆ, ನೆಲ ಕಾಯುವ ಮುಂಚೆ ಮಾಡಬೇಕು. 600 ಮಿಮೀ ಲೆನ್ಸಿಗೆ 15 ಮೀಟರಿನಲ್ಲಿ ಕಾಣುವುದು 90 ಸೆಂಮೀ ಅಗಲ, 60 ಸೆಂಮೀ ಎತ್ತರದ ಜಾಗ. ಅಷ್ಟಳತೆಯ ಚೌಕವನ್ನು ಗೋಡೆಯ ಮೇಲೆ ಗುರುತಿಸಿ, ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು, ದಿನಪತ್ರಿಕೆಯ ಸಣ್ಣಕ್ಷರದ ತುಂಡುಗಳನ್ನು ಅಂಟಿಸಿ. ಕ್ಯಾಮೆರಾ ಗೋಡೆಗೆ ನೇರವಾಗಿರಲಿ, ಸ್ಟೆಬಿಲೈಸರ್ ಆಫ್, ಗಟ್ಟಿ ಟ್ರೈಪಾಡ್, 2 ಸೆಕೆಂಡ್ ಟೈಮರ್. ಪ್ರತಿ ಸಲ ಹೊಸದಾಗಿ ಫೋಕಸ್ ಮಾಡಿ, ಪೂರ್ತಿ ತೆರೆದ ಅಪರ್ಚರಿನಲ್ಲಿ ಐದು, ಎಫ್/8ರಲ್ಲಿ ಐದು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಥರ ತುಸು ಮೆತ್ತಗಿದ್ದರೆ ಅದು ಆ ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಕಲಸಿದಂತಿದ್ದರೆ, ಎಫ್/8ರಲ್ಲೂ ಸುಧಾರಿಸದಿದ್ದರೆ, ಒಳಗಿನ ಗಾಜು ಓರೆಯಾಗಿದೆ; ಅದನ್ನು ಮನೆಯಲ್ಲಿ ಸರಿಮಾಡಲಾಗದು, ವಾಪಸು ಕೊಡಿ.

ಮ್ಯಾನ್ಯುಯಲ್ ಫೋಕಸ್ ರಿಂಗನ್ನು ಕೊನೆಯವರೆಗೆ ತಿರುಗಿಸಿ ಚಂದ್ರನನ್ನು ತೆಗೆದರೆ ಮಂಜಾಗಿ ಬರುತ್ತದೆ. ಇದು ಕೆಟ್ಟ ಲೆನ್ಸಿನ ಲಕ್ಷಣವಲ್ಲ. ಕಾವಿಗೆ ಗಾಜು, ಕೊಳವೆ ಹಿಗ್ಗಿ ಫೋಕಸ್ ಸರಿಯುತ್ತದೆ ಎಂದೇ ಅನಂತದ (ಅತಿ ದೂರದ ಫೋಕಸ್ ಬಿಂದುವಿನ) ಆಚೆಗೂ ಸ್ವಲ್ಪ ಜಾಗ ಬಿಟ್ಟಿರುತ್ತಾರೆ.

ಝಳ, ದೂಳು, ಎದುರು ಬಿಸಿಲು

ನಮ್ಮ ಕಡೆ ಮಸುಕಾದ ಚಿತ್ರಗಳಲ್ಲಿ ಬಹುಪಾಲು ಲೆನ್ಸಿನ ತಪ್ಪಲ್ಲ, ಗಾಳಿಯದು. ಎರೆ ಮಣ್ಣು, ಕಲ್ಲುಬಂಡೆ ಕಾದಾಗ ನೆಲದ ಮೇಲಿನ ಗಾಳಿ ಬಿಸಿ-ತಂಪು ಪದರಗಳಾಗಿ ಕುದಿಯುತ್ತದೆ. ಪ್ರತಿ ಪದರವೂ ಬೆಳಕನ್ನು ತುಸು ಬಾಗಿಸುತ್ತದೆ. ಬಿಸಿಲ್ಗುದುರೆ ಕುಣಿಯುವುದು ಕಣ್ಣಿಗೆ ಬೀಳುವ ಮೊದಲೇ 600 ಮಿಮೀಗೆ ಅದು ತಟ್ಟಿರುತ್ತದೆ. ಶಟರ್ ವೇಗ ಏರಿಸಿದರೆ ಕೆಲವು ಫ್ರೇಮ್ ಸಿಗಬಹುದು, ಫೋಕಸ್ ಪಾಯಿಂಟ್ ಬದಲಿಸಿದರೆ ಏನೂ ಆಗದು. ಮದ್ದು ಮೂರೇ: ಹತ್ತಿರ ಹೋಗುವುದು, ಎತ್ತರದಿಂದ ತೆಗೆಯುವುದು, ಬೇಸಿಗೆಯಲ್ಲಿ ಎಂಟೂವರೆಯೊಳಗೆ ಮುಗಿಸುವುದು. ವ್ಯೂಫೈಂಡರಿನಲ್ಲಿ ಗರಿಷ್ಠ ಜೂಮ್ ಮಾಡಿ ದೂರದ ಕಲ್ಲಿನ ಅಂಚನ್ನು ನೋಡಿ. ಅಂಚು ನೀರಿನಡಿಯ ಕಲ್ಲಿನಂತೆ ಅಲುಗುತ್ತಿದ್ದರೆ ಅವತ್ತಿಗೆ ದೂರದ ಚಿತ್ರ ಮುಗಿಯಿತು.

ಕಾರಿನಿಂದ ತೆಗೆಯುವವರು ಎಸಿ ಹಾಕಿಕೊಂಡು ಗಾಜು ಇಳಿಸುತ್ತಾರೆ. ಒಳಗಿನ ತಂಪು ಗಾಳಿ, ಹೊರಗಿನ ಬಿಸಿ ಗಾಳಿ ಲೆನ್ಸಿನ ಮುಂದೆಯೇ ಕಲೆಯುತ್ತವೆ. ಚಿತ್ರ ಅಲ್ಲೇ ಕೆಟ್ಟಿತು. ಎಸಿ, ಎಂಜಿನ್ ಎರಡೂ ಆರಿಸಿ, ಎಲ್ಲ ಕಿಟಕಿ ಇಳಿಸಿ, ಹತ್ತು ನಿಮಿಷ ಬಿಡಿ. ಬಾನೆಟ್ ಮೇಲಿಂದ ತೆಗೆಯಲೇಬೇಡಿ.

ಹಗುರ ಲೆನ್ಸು ಕೈ ನಡುಕವನ್ನು ತಾನಾಗಿ ನುಂಗುವುದಿಲ್ಲ, ಭಾರದ್ದು ತನ್ನ ಜಡತ್ವದಿಂದಲೇ ಸ್ವಲ್ಪ ನುಂಗುತ್ತದೆ. ವೀಕ್ಷಣಾ ಗೋಪುರದ ಕಟ್ಟೆಗೆ, ಕಾರಿನ ಬಾಗಿಲಿಗೆ ದಪ್ಪ ಬಟ್ಟೆಯ ಚೀಲ ಹೊಲಿಸಿ ಎರಡು ಕೆಜಿ ಜೋಳ ತುಂಬಿ. ಗಂಗಾವತಿ, ಸಿಂಧನೂರಿನ ಮಿಲ್ಲುಗಳಲ್ಲಿ ಬತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ, ಆದರೆ ಲೆನ್ಸ್ ಇಟ್ಟೊಡನೆ ಕುಸಿಯುತ್ತದೆ. ಜೋಳ ಲೆನ್ಸಿನ ಆಕಾರಕ್ಕೆ ಕೂತು ಅಲ್ಲೇ ನಿಲ್ಲುತ್ತದೆ. ನುಸಿ ಬೀಳದಂತೆ ಆಗಾಗ ಬಿಸಿಲಿಗೆ ಹಾಕಬೇಕು. ಶಟರ್ ವೇಗ ನಿಂತ ಕರಡಿಗೆ 1/250 ಸೆಕೆಂಡ್, ನಡೆಯುವುದಕ್ಕೆ 1/500, ಹಾರುವ ಹೆಬ್ಬಾತಿಗೆ 1/2000. ಮೂರರಿಂದ ಐದು ಫ್ರೇಮುಗಳ ಬರ್ಸ್ಟ್ ತೆಗೆಯಿರಿ. ಬೆರಳು ಒತ್ತುವ ಅಲುಗಾಟ ಮೊದಲನೆಯದಕ್ಕೇ ಹೆಚ್ಚು. ಬೆಳ್ಳನೆಯ ಬಂಡೆಯ ಮೇಲೆ ಕರಡಿ ಚಿಕ್ಕದಾಗಿದ್ದರೆ ಎಕ್ಸ್‌ಪೋಶರನ್ನು 0.3ರಿಂದ 0.7 ಸ್ಟಾಪಿನಷ್ಟು ಏರಿಸಿ, ಇಲ್ಲದಿದ್ದರೆ ಅದು ಕಣ್ಣುಮೂಗಿಲ್ಲದ ಕರಿ ಮುದ್ದೆ. ಚೌಕಟ್ಟು ತುಂಬ ಕರಡಿಯೇ ಇದ್ದರೆ ಅಷ್ಟೇ ಇಳಿಸಿ.

ಉಂಗುರದ ಗಾಜಿನ ದೋಷ ಬಯಲಾಗುವುದು ಎದುರು ಬಿಸಿಲಿನಲ್ಲಿ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿನ್ನೀರಿಗೆ ಬಂದಾಗ ಕೊಪ್ಪಳ ದಂಡೆಯಿಂದ ಬೆಳಗ್ಗೆ ನೀರಿನತ್ತ ತಿರುಗಿದರೆ ಸೂರ್ಯ ಎದುರಿಗೇ. ಅಲೆಗಳ ಮೇಲಿನ ಒಂದೊಂದು ಮಿಂಚೂ ಫೋಕಸ್ ಆಚೆ ಬಿದ್ದು ಈರುಳ್ಳಿ ಹೋಳಿನಂತೆ ಪದರಪದರ ಬಳೆಯಾಗುತ್ತದೆ. ಬಲವಾದ ಬೆಳಕಿನ ಸುತ್ತ ಬಣ್ಣದ ಉಂಗುರ ಏಳುತ್ತದೆ. ನಿಕಾನಿನ ಸಾಫ್ಟ್‌ವೇರಿನಲ್ಲಿ ಪಿಎಫ್ ಫ್ಲೇರ್ ಕಂಟ್ರೋಲ್ ಎಂಬ ಸಲಕರಣೆ ಇದೆ. ಉಂಗುರವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಹುಡ್ ಯಾವಾಗಲೂ ಇರಲಿ, ಮುಂದೆ ಅಗ್ಗದ ಯುವಿ ಫಿಲ್ಟರ್ ಬೇಡ. ಆದಷ್ಟು ಸಂಜೆಗೆ ಹೋಗಿ. ಅದೇ ಹಕ್ಕಿ, ಅದೇ ದಂಡೆ, ಉಂಗುರದ ಸುಳಿವೇ ಇರುವುದಿಲ್ಲ.

ಸಂಡೂರಿನ ಕೆಂದೂಳು ಕಬ್ಬಿಣದ ಅದಿರಿನ ಪುಡಿ, ಗಟ್ಟಿ. ಒಣ ಬಟ್ಟೆಯಲ್ಲಿ ಒರೆಸಿದರೆ ಅದೇ ಉಪ್ಪುಕಾಗದವಾಗಿ ಕೋಟಿಂಗನ್ನು ಕೆರೆಯುತ್ತದೆ. ಲೆನ್ಸನ್ನು ಕೆಳಮುಖ ಮಾಡಿ ಬ್ಲೋವರಿನಲ್ಲಿ ಹತ್ತು ಸಲ ಊದಿ, ಮೆತ್ತನೆಯ ಬ್ರಷ್ ಆಡಿಸಿ, ಕಲೆ ಉಳಿದರೆ ಮಾತ್ರ ಬಟ್ಟೆಗೆ ಎರಡು ಹನಿ ಲೆನ್ಸ್ ಒರೆಸುವ ದ್ರಾವಣ ಹಾಕಿ ನಡುವಿನಿಂದ ಹೊರಕ್ಕೆ ಒರೆಸಿ. ಬಾಯಲ್ಲಿ ಊದಬಾರದು. ಅದಿರು ಲಾರಿಗಳ ರಸ್ತೆಯಲ್ಲಿ ಲೆನ್ಸ್ ಬಿಚ್ಚುವುದಾಗಲಿ, ಕನ್ವರ್ಟರ್ ಬದಲಿಸುವುದಾಗಲಿ ಬೇಡ.

ಕಾಯುವ ಹೊತ್ತಿನಲ್ಲಿ ಮುಚ್ಚಳ ಹಾಕಿಡಿ. ಮುಚ್ಚಳವಿಲ್ಲದೆ ಸೂರ್ಯನತ್ತ ಮುಖ ಮಾಡಿದ 95 ಮಿಮೀ ಗಾಜು ಭೂತಗನ್ನಡಿಯೇ ಸರಿ. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಬಾಡಿಯಲ್ಲಿ ಆ ಕಾವು ಬೀಳುವುದು ಶಟರ್ ಪರದೆಯ ಮೇಲೆ, ಇಲ್ಲವೇ ನೇರ ಸೆನ್ಸರಿನ ಮೇಲೆ.