ಅರ್ಧ ಓಮ್ ಲೆಕ್ಕಕ್ಕೆ ಸುಟ್ಟ ಎಲ್‌ಇಡಿ

12 ವೋಲ್ಟ್ ಅಡಾಪ್ಟರ್‌ಗೆ ಒಂದು ಕೆಂಪು ಎಲ್‌ಇಡಿ ಜೋಡಿಸಬೇಕಿತ್ತು. ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 10 ವೋಲ್ಟ್, ವಿದ್ಯುತ್ ಹರಿವನ್ನು ತಡೆದು ಮಿತಿಯಲ್ಲಿಡುವ ರೆಸಿಸ್ಟರ್ ಪಾಲು. ಹರಿಯಬೇಕಾದ ವಿದ್ಯುತ್ 20 ಮಿಲಿಆಂಪಿಯರ್. ಓಮ್‌ನ ನಿಯಮದಂತೆ (ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಬೇಕಾದ ತಡೆ) 10ನ್ನು 20ರಿಂದ ಭಾಗಿಸಿದೆ, ಅರ್ಧ ಓಮ್ ಬಂತು. ಅಷ್ಟು ಚಿಕ್ಕದು ಡಬ್ಬಿಯಲ್ಲಿರಲಿಲ್ಲವೆಂದು 1 ಓಮ್‌ನದನ್ನು ಬೆಸೆದೆ. ಸ್ವಿಚ್ ಒತ್ತಿದ್ದೇ ತಡ, ಎಲ್‌ಇಡಿ ಒಮ್ಮೆ ಫಳ್ಳೆಂದು ಹೊಳೆದು ಕಣ್ಣು ಮುಚ್ಚಿತು.

ಅರ್ಧ ಗಂಟೆ ಅಡಾಪ್ಟರನ್ನೇ ಬೈದೆ. ಮಲ್ಟಿಮೀಟರ್ ಇಟ್ಟು ನೋಡಿದರೆ 12.1 ವೋಲ್ಟ್, ಪಾಪ, ಅದರದೇನೂ ತಪ್ಪಿಲ್ಲ. ತಪ್ಪಿದ್ದು ನನ್ನ ಕಾಗದದಲ್ಲಿ: 20 ಮಿಲಿಆಂಪಿಯರ್ ಎಂದರೆ 0.02 ಆಂಪಿಯರ್. ಮತ್ತೆ ಭಾಗಿಸಿದಾಗ ಬಂದದ್ದು 500 ಓಮ್. ಹತ್ತಿರದಲ್ಲಿ ಸಿಗುವುದು 470; ಮೌಲ್ಯ ತಿಳಿಸುವ ಹಳದಿ, ನೇರಳೆ, ಕಂದು ಪಟ್ಟಿಗಳದು.

ಈ ಸಲ ಬೆಳಕು ಆರದೆ ಉಳಿಯಿತು. ಆದರೆ ಐದು ನಿಮಿಷದ ಬಳಿಕ ರೆಸಿಸ್ಟರ್ ಮುಟ್ಟಿದ ಬೆರಳು ಚುರ್ ಎಂದಿತು. 10 ವೋಲ್ಟನ್ನು 0.021 ಆಂಪಿಯರ್‌ನಿಂದ ಗುಣಿಸಿದರೆ 0.21 ವ್ಯಾಟ್. ನನ್ನದು ಕಾಲು ವ್ಯಾಟಿನ ರೆಸಿಸ್ಟರ್. ಮಿತಿಯೊಳಗೇ ಇದೆ, ಆದರೆ ತೀರಾ ಅಂಚಿನಲ್ಲಿ. ಅದನ್ನು ತೆಗೆದು 1000 ಓಮ್‌ನದು ಹಾಕಿದೆ. ಪ್ರವಾಹ 10 ಮಿಲಿಆಂಪಿಯರ್‌ಗೆ, ಶಾಖವಾಗುವ ಶಕ್ತಿ 0.1 ವ್ಯಾಟ್‌ಗೆ ಇಳಿಯಿತು. ಬೆಳಕು ತಗ್ಗಿದ್ದು ಕಣ್ಣಿಗೆ ಅಷ್ಟಾಗಿ ಗೊತ್ತೇ ಆಗಲಿಲ್ಲ.