ಹೌದಾ, ಬುರುಡೆನಾ? ಗೂಗಲ್ ಮಾಡೋಕೆ ಮುಂಚೆ ಊಹಿಸೋದು ಹೇಗೆ

ಮೂರು ವಾಕ್ಯ ಕೊಡ್ತೀನಿ, ಫೋನ್ ಮುಟ್ಟದೆ ಯಾವ್ದು ನಿಜ ಯಾವ್ದು ಬುರುಡೆ ಅಂತ ಹೇಳಿ ನೋಡೋಣ. ಒಂದು, ಎಲೆಕ್ಷನ್‌ನಲ್ಲಿ ಇಡೀ ದೇಶದವರ ಬೆರಳಿಗೆ ಹಚ್ಚೋ ಶಾಯಿ ತಯಾರಾಗೋದು ಮೈಸೂರಲ್ಲಿ. ಎರಡು, ಏಷ್ಯಾದಲ್ಲೇ ಮೊದಲು ಕರೆಂಟ್ ಬೀದಿದೀಪ ಕಂಡ ಊರು ನಮ್ಮ ಬೆಂಗಳೂರು. ಮೂರು, ಆಸ್ಟ್ರೇಲಿಯಾದಲ್ಲಿ ವೊಂಬ್ಯಾಟ್ ಅಂತ ಒಂದು ಪ್ರಾಣಿ ಇದೆ, ಅದು ಹಾಕೋ ಹಿಕ್ಕೆ ಗುಂಡಗಿರಲ್ಲ, ಮೂಲೆ ಮೂಲೆ ಇರೋ ಚೌಕ ತುಂಡು.

ಈ ಆಟ ಯಾವ ಮನೇಲಿ ಆಡಿದ್ರೂ ಮೂರನೇದಕ್ಕೆ "ಛೇ ಹೋಗ್ರೀ" ಅಂತ ನಗ್ತಾರೆ, ಎರಡನೇದಕ್ಕೆ ಮಾತ್ರ ಕಣ್ಣು ಮುಚ್ಕೊಂಡು ನಿಜ ಅಂತ ಟಿಕ್ ಹಾಕ್ತಾರೆ. ಆದ್ರೆ ಶಾಯಿನೂ ನಿಜ, ಹಿಕ್ಕೆನೂ ನಿಜ, ಕೆಟ್ಟಿರೋದು ನಡುವಿನ ಬೀದಿದೀಪನೇ. ಅಂದ್ರೆ ಕೇಳಿದಾಗ ಎಷ್ಟು ಆಶ್ಚರ್ಯ ಆಯ್ತು ಅನ್ನೋದ್ರಿಂದ ಏನೂ ಗೊತ್ತಾಗಲ್ಲ, ಆಶ್ಚರ್ಯ ಆದ್ರೆ ಸುಳ್ಳು ಅಂತಲ್ಲ, ಆಗದೇ ಇದ್ರೆ ನಿಜ ಅಂತಲೂ ಅಲ್ಲ. ನೋಡ್ಬೇಕಾಗಿರೋದು ವಾಕ್ಯನ ಹೇಗೆ ಕಟ್ಟಿದಾರೆ ಅನ್ನೋದನ್ನ.

ಸ್ಟೆಪ್ 1: ಊಹೆ ಬರೆದಿಡಿ, ಜೊತೆಗೆ ಧೈರ್ಯನೂ

ಸುಮ್ನೆ "ನಿಜ" "ಸುಳ್ಳು" ಅಂತ ಬರೆದ್ರೆ ಸಾಲದು, ಪಕ್ಕದಲ್ಲಿ 100ಕ್ಕೆ ಎಷ್ಟು ಗ್ಯಾರಂಟಿ ಅಂತ ಒಂದು ನಂಬರ್ ಹಾಕಿ. ಬರೆದಿಡದೇ ಇದ್ರೆ ಉತ್ತರ ನೋಡಿದ ಮೇಲೆ ಎಲ್ಲರೂ "ಅಯ್ಯೋ ನಂಗೆ ಗೊತ್ತಿತ್ತು ಕಣೋ" ಅಂತಾರೆ. ಒಂದಷ್ಟು ಪ್ರಶ್ನೆ ಆದ ಮೇಲೆ ತಿರುಗಿ ನೋಡಿ, 90 ಅಂತ ಬರೆದ ಹತ್ತರಲ್ಲಿ ಒಂಬತ್ತು ಸರಿ ಬಂದ್ರೆ ನಿಮ್ಮ ಅಂದಾಜು ಚೆನ್ನಾಗಿದೆ, ಆರೇ ಬಂದ್ರೆ ತಿಳ್ಕೊಂಡಿರೋದಕ್ಕಿಂತ ಧೈರ್ಯ ಜಾಸ್ತಿ ಇದೆ ಅಂತರ್ಥ. ಕ್ವಿಜ್‌ಗೆ ಹೋಗೋ ಮಕ್ಕಳಿಗಂತೂ ಇದು ತುಂಬಾ ಉಪಯೋಗಕ್ಕೆ ಬರುತ್ತೆ, ನೆಗೆಟಿವ್ ಮಾರ್ಕ್ಸ್ ಇದ್ದಾಗ.

ಸ್ಟೆಪ್ 2: ವಾಕ್ಯನ ತುಂಡು ಮಾಡಿ

ಇದೇ ಮುಖ್ಯ ಕೆಲಸ, ಹಾಗಾಗಿ ಬೆಂಗಳೂರಿನ ದೀಪನ ಸ್ವಲ್ಪ ನಿಧಾನವಾಗಿ ನೋಡೋಣ. ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ತಯಾರಾಯ್ತು, ನಿಜ, 1902ರಲ್ಲಿ. ಅದು ಮೊದಲು ಹೋಗಿದ್ದು ಬೆಂಗಳೂರಿಗಲ್ಲ, ಹತ್ತತ್ರ 150 ಕಿಲೋಮೀಟರ್ ತಂತಿ ಎಳ್ಕೊಂಡು ಕೋಲಾರದ ಚಿನ್ನದ ಗಣಿಗೆ, ಯಾಕಂದ್ರೆ ಕರೆಂಟ್‌ಗೆ ದುಡ್ಡು ಕೊಡೋ ಗಿರಾಕಿ ಆಗ ಇದ್ದಿದ್ದು ಅಲ್ಲೇ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರ ಆಗಸ್ಟ್‌ನಲ್ಲಿ, ಅದೂ ನಿಜ. ಇಲ್ಲಿವರೆಗೂ ವಾಕ್ಯ ಗಟ್ಟಿಯಾಗಿದೆ. ಕೊನೇಲಿ "ಏಷ್ಯಾದಲ್ಲೇ ಮೊದಲು" ಅಂತ ಒಂದು ಬಾಲ ಅಂಟಿಸ್ಕೊಂಡಿದೆ ನೋಡಿ, ಅಲ್ಲಿ ಮುರಿದುಬಿತ್ತು. ಶಾಂಘೈ ಬೀದೀಲಿ 1882ರಲ್ಲೇ ಎಲೆಕ್ಟ್ರಿಕ್ ದೀಪ ಉರಿದಿದೆ, ಅದೇ ವರ್ಷ ಟೋಕಿಯೋದ ಗಿಂಜಾದಲ್ಲೂ. ಇನ್ನು ನೀರಿಂದ ಕರೆಂಟ್ ತೆಗೆದಿದ್ರಲ್ಲಿ ಭಾರತದಲ್ಲೇ ನಾವು ಮೊದಲು ಅನ್ನೋಕೂ ಆಗಲ್ಲ, ಡಾರ್ಜಿಲಿಂಗ್ ಹತ್ರ ಸಿದ್ರಾಪೋಂಗ್‌ನಲ್ಲಿ 1897ಕ್ಕೇ ಶುರುವಾಗಿತ್ತು. ಬೇಜಾರಾಗ್ಬೇಡಿ, ಕಾಡು ಬೆಟ್ಟ ದಾಟಿ ಆ ಕಾಲಕ್ಕೆ ಅಷ್ಟು ದೂರ ಕರೆಂಟ್ ಸಾಗಿಸಿದ್ದು ನನ್ನ ಲೆಕ್ಕದಲ್ಲಿ ಬೀದಿದೀಪಕ್ಕಿಂತ ದೊಡ್ಡ ಸುದ್ದಿ, ಅದನ್ನ ಯಾಕೋ ಯಾರೂ ಫಾರ್ವರ್ಡ್ ಮಾಡಲ್ಲ.

ಪೂರ್ತಿ ಕಟ್ಟುಕಥೆ ಕಡಿಮೆ. ಹೆಚ್ಚಿನ ಸುಳ್ಳು ಹೀಗೇ ಇರುತ್ತೆ, ಮುಂದೆ ನಿಜ, ಬಾಲದಲ್ಲಿ ಮಸಾಲೆ. ಆದ್ದರಿಂದ ವಾಕ್ಯನ ಮೂರೋ ನಾಲ್ಕೋ ತುಂಡು ಮಾಡಿ ಒಂದೊಂದಕ್ಕೂ ಬೇರೆ ಬೇರೆ ಮಾರ್ಕ್ಸ್ ಹಾಕಿ, ಎಲ್ಲಕ್ಕಿಂತ ಕಡಿಮೆ ಬಂದ ತುಂಡಿನ ಮಾರ್ಕ್ಸೇ ಇಡೀ ವಾಕ್ಯದ ಮಾರ್ಕ್ಸ್.

ಸ್ಟೆಪ್ 3: ಎಕ್ಸ್‌ಪೈರಿ ಡೇಟ್ ನೋಡಿ

ಕೆಲವು ವಾಕ್ಯ ಹುಟ್ಟಿದಾಗ ನಿಜವಾಗೇ ಇರುತ್ತೆ, ಆಮೇಲೆ ಹಳಸೋಗುತ್ತೆ. "ಅತಿ ಹೆಚ್ಚು ಜ್ಞಾನಪೀಠ ಬಂದಿರೋದು ಕನ್ನಡಕ್ಕೆ" ಅನ್ನೋದು ಇದಕ್ಕೆ ಒಳ್ಳೆ ಉದಾಹರಣೆ. 1998ರ ಪ್ರಶಸ್ತಿ ಗಿರೀಶ್ ಕಾರ್ನಾಡರಿಗೆ ಬಂದಾಗ ನಮ್ದು ಏಳಾಯ್ತು, ಹಿಂದಿಗಿಂತ ಮುಂದಿದ್ವಿ, ಹೇಳ್ಕೊಂಡಿದ್ರಲ್ಲಿ ತಪ್ಪೇನಿಲ್ಲ. 2010ರದ್ದು ಚಂದ್ರಶೇಖರ ಕಂಬಾರರಿಗೆ ಬಂದು ಎಂಟಾಯ್ತು, ಅಷ್ಟರಲ್ಲಿ ಹಿಂದಿ ನಮ್ಮನ್ನ ದಾಟಿತ್ತು, ಈಗ ಹತ್ತನ್ನೂ ದಾಟಿದೆ. ಆದ್ರೂ ನವೆಂಬರ್ ಬಂತು ಅಂದ್ರೆ ಆ ಹಳೇ ಮೆಸೇಜು ಹೊಸ ಹೂವಿನ ಇಮೋಜಿ ಹಾಕ್ಕೊಂಡು ಮತ್ತೆ ಬರುತ್ತೆ.

ಗೋಳಗುಮ್ಮಟದ್ದೂ ಇದೇ ಕಥೆ, "ಪ್ರಪಂಚದ ಎರಡನೇ ದೊಡ್ಡ ಗುಮ್ಮಟ" ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ. ಮಹಮ್ಮದ್ ಆದಿಲ್ ಶಾಹನ ಸಮಾಧಿ, 1656ರ ಕೆಲಸ, ಹೊರಗಿನ ವ್ಯಾಸ ಸುಮಾರು 44 ಮೀಟರ್, ಒಳಗೆ ಕಂಬನೇ ಇಲ್ಲ, ಇವತ್ತಿಗೂ ನೋಡಿದ್ರೆ ತಲೆ ತಿರುಗುತ್ತೆ. ಆದ್ರೆ ಎರಡನೇದು ಅಂದ್ರೆ ಯಾವ ಲೆಕ್ಕದಲ್ಲಿ? ಒಳಗಿಂದ ಅಳೆದ್ರೆ ಒಂದು ನಂಬರ್, ಹೊರಗಿಂದ ಅಳೆದ್ರೆ ಇನ್ನೊಂದು, ಇಟ್ಟಿಗೆ ಗಾರೆದು ಮಾತ್ರನಾ ಉಕ್ಕಿಂದೂ ಸೇರುತ್ತಾ? 2014ರಲ್ಲಿ ಓಪನ್ ಆದ ಸಿಂಗಾಪುರದ ನ್ಯಾಷನಲ್ ಸ್ಟೇಡಿಯಂ ಗುಮ್ಮಟ 310 ಮೀಟರ್ ಅಗಲ ಇದೆ. ಹಾಗಾಗಿ ಏನೂ ಷರತ್ತು ಹಾಕದೆ ಬರೋ "ಎರಡನೇ ದೊಡ್ಡ" ಅನ್ನೋದಕ್ಕೆ ನಾನು 100ಕ್ಕೆ 10ರ ಮೇಲೆ ಕೊಡಲ್ಲ.

ಸ್ಟೆಪ್ 4: ಸೀಲ್ ಯಾರದ್ದು?

ಮೆಸೇಜ್‌ನಲ್ಲಿ ಯುನೆಸ್ಕೋ ಅಥವಾ ನಾಸಾ ಹೆಸರಿದ್ರೆ ನಂಬಿಕೆ ಜಾಸ್ತಿ ಮಾಡ್ಕೋಬೇಡಿ, ಕಡಿಮೆ ಮಾಡ್ಕೊಳ್ಳಿ. ಕೇಳ್ಬೇಕಾದ ಪ್ರಶ್ನೆ ಇಷ್ಟೇ, ಆ ಸಂಸ್ಥೆ ಈ ಕೆಲಸ ಮಾಡುತ್ತಾ? ಯುನೆಸ್ಕೋ ಜನಗಣಮನಕ್ಕೆ ಪ್ರಪಂಚದ ಬೆಸ್ಟ್ ರಾಷ್ಟ್ರಗೀತೆ ಅಂತ ಪಟ್ಟ ಕೊಡ್ತು ಅನ್ನೋ ಮೆಸೇಜು ವರ್ಷಗಟ್ಟಲೆ ಓಡಾಡ್ತು, ಈಗ್ಲೂ ಓಡಾಡ್ತಿದೆ, ಆದ್ರೆ ರಾಷ್ಟ್ರಗೀತೆಗಳಿಗೆ ರ‍್ಯಾಂಕ್ ಕೊಡೋ ಕೆಲಸನೇ ಯುನೆಸ್ಕೋ ಮಾಡಲ್ಲ. ದೀಪಾವಳಿ ರಾತ್ರಿ ನಾಸಾ ತೆಗೆದ ಭಾರತದ ಫೋಟೋ ಅಂತ ಬಣ್ಣಬಣ್ಣದ್ದು ಒಂದು ಬರುತ್ತಲ್ಲ, ಅದು ಒಂದು ರಾತ್ರಿಯ ಫೋಟೋನೇ ಅಲ್ಲ. ಊರುಗಳ ದೀಪ ವರ್ಷದಿಂದ ವರ್ಷಕ್ಕೆ ಎಷ್ಟು ಹರಡಿದೆ ಅಂತ ತೋರ್ಸೋಕೆ 1992, 1998, 2003ರ ಸ್ಯಾಟಲೈಟ್ ಡೇಟಾನ ಒಂದೊಂದು ಬಣ್ಣದಲ್ಲಿ ಸೇರಿಸಿ ಮಾಡಿದ ನಕ್ಷೆ. 2012ರಲ್ಲಿ ನಾಸಾನೇ ನಿಜವಾದ ದೀಪಾವಳಿ ರಾತ್ರಿ ಚಿತ್ರ ಹಾಕಿ, ಮೇಲಿಂದ ನೋಡಿದ್ರೆ ಹಣತೆಯಿಂದ ಅಂಥ ವ್ಯತ್ಯಾಸ ಏನೂ ಕಾಣಲ್ಲ ಅಂತ ತಿಳಿಸ್ತು.

ಸಂಸ್ಕೃತ-ನಾಸಾ ಕಥೆ ಇನ್ನೂ ಮಜಾ. 1985ರಲ್ಲಿ ರಿಕ್ ಬ್ರಿಗ್ಸ್ ಅನ್ನೋರು ಕೃತಕ ಬುದ್ಧಿಮತ್ತೆಯ ಒಂದು ಪತ್ರಿಕೇಲಿ, ಸಂಸ್ಕೃತ ವ್ಯಾಕರಣಕಾರರು ವಾಕ್ಯನ ಬಿಡಿಸಿಡೋ ರೀತಿ ಕಂಪ್ಯೂಟರ್‌ಗೆ ಅರ್ಥ ತಿಳಿಸೋ ರೀತಿಗೆ ಹತ್ರ ಇದೆ ಅಂತ ಲೇಖನ ಬರೆದ್ರು, ಅವರು ನಾಸಾ ಜೊತೆ ನಂಟಿದ್ದ ಸಂಶೋಧನಾ ಕೇಂದ್ರದಲ್ಲಿದ್ದೋರು. ಅಷ್ಟೇ ಬೀಜ. ಅದು ಬೆಳೆದು "ನಾಸಾ ಸಂಸ್ಕೃತದಲ್ಲೇ ಪ್ರೋಗ್ರಾಂ ಬರೆಯುತ್ತೆ" ಅಂತ ಆಗ್ಬಿಟ್ಟಿದೆ. ಇಂಥದ್ರಲ್ಲಿ ಪೂರ್ತಿ ಸುಳ್ಳು ಅಂದ್ರೂ ತಪ್ಪೇ, ಬೀಜ ಎಲ್ಲಿ ಹೊಟ್ಟು ಎಲ್ಲಿ ಅಂತ ಹೇಳಿದ್ರೆ ಮಾತ್ರ ಮನೆಯವರು ಒಪ್ತಾರೆ.

ಸ್ಟೆಪ್ 5: "ಹೇಗೆ" ಅಂತ ಕೇಳಿ, ಸಾಧ್ಯ ಆದ್ರೆ ಲೆಕ್ಕ ಹಾಕಿ

ವೊಂಬ್ಯಾಟ್ ಗೆಲ್ಲೋದು ಇಲ್ಲೇ. ಚೌಕ ಹಿಕ್ಕೆ ಹೇಗೆ ಬರುತ್ತೆ ಅಂತ ಕೇಳಿದ್ರೆ ಉತ್ತರ ಇದೆ, ಅದರ ಕರುಳಿನ ಗೋಡೆ ಒಂದೇ ಸಮ ಇರಲ್ಲ, ಕೆಲವು ಕಡೆ ಬಿಗಿ ಕೆಲವು ಕಡೆ ಸಡಿಲ, ಕೊನೇ ಭಾಗದಲ್ಲಿ ನೀರೆಲ್ಲ ಹೀರಿ ಒಣಗ್ತಾ ಒಣಗ್ತಾ ಮೂಲೆಗಳು ಮೂಡ್ತವೆ. ಇದನ್ನ ಅಳೆದು ನೋಡಿದವರಿಗೆ 2019ರಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆ ಪ್ರಶಸ್ತಿನೂ ಸಿಕ್ತು. ಆಕ್ಟೋಪಸ್‌ಗೆ ಮೂರು ಹೃದಯ ಅನ್ನೋದೂ ಹಾಗೇ ನಿಲ್ಲುತ್ತೆ, ಎರಡು ಕಿವಿರಿಗೆ ರಕ್ತ ತಳ್ಳೋಕೆ, ಒಂದು ಉಳಿದ ಮೈಗೆ.

ಈಗ "ಮನುಷ್ಯ ಮೆದುಳಲ್ಲಿ 10 ಪರ್ಸೆಂಟ್ ಮಾತ್ರ ಬಳಸ್ತಾನೆ" ಅನ್ನೋದನ್ನ ಹಿಡೀರಿ. ಮೆದುಳಿನ ತೂಕ ಮೈಯಲ್ಲಿ ಸುಮಾರು 2 ಪರ್ಸೆಂಟ್, ಆದ್ರೆ ತಿನ್ನೋ ಶಕ್ತಿ ಹತ್ತತ್ರ 20 ಪರ್ಸೆಂಟ್. ಇಷ್ಟು ದುಬಾರಿ ಅಂಗನ ಮುಕ್ಕಾಲುಪಾಲು ಖಾಲಿ ಇಟ್ಕೊಂಡು ಪ್ರಕೃತಿ ಸುಮ್ನಿರುತ್ತಾ? ಚಿಕ್ಕ ಸ್ಟ್ರೋಕ್ ಆದ್ರೂ ಮಾತೋ ಕೈಯೋ ಹೋಗುತ್ತಲ್ಲ, ಬಳಸದ ಜಾಗ ಅಷ್ಟೊಂದಿದ್ರೆ ಹಾಗಾಗ್ಬಾರದಿತ್ತು. ಸುಳ್ಳು, 95 ಕೊಡಬಹುದು.

ಚೀನಾ ಗೋಡೆ ಚಂದ್ರನಿಂದ ಕಾಣುತ್ತೆ ಅನ್ನೋದಕ್ಕಂತೂ ಕಾಗದ ಪೆನ್ಸಿಲ್ ಸಾಕು. ಗೋಡೆ ಎಷ್ಟು ಸಾವಿರ ಕಿಲೋಮೀಟರ್ ಉದ್ದ ಅಂತ ಎಲ್ಲರೂ ಹೇಳ್ತಾರೆ, ಕಣ್ಣಿಗೆ ಕಾಣೋಕೆ ಬೇಕಾಗಿರೋದು ಅಗಲ, ಅದು ನಾಲ್ಕೈದು ಮೀಟರ್ ಆಚೀಚೆ. ಚಂದ್ರ ಇರೋದು ಸುಮಾರು 3,84,000 ಕಿಲೋಮೀಟರ್ ದೂರ. ಇದನ್ನ ಕಡಿಮೆ ಮಾಡಿ ನೋಡಿದ್ರೆ ಐದು ಕಿಲೋಮೀಟರ್ ಆಚೆಯಿಂದ ಒಂದು ತಲೆಕೂದಲು ನೋಡಿದ ಹಾಗಾಯ್ತು. ಗೋಡೆ ಕಾಣೋದಾದ್ರೆ ಅದಕ್ಕಿಂತ ಅಗಲ ಇರೋ ಬೆಂಗಳೂರು-ಮೈಸೂರು ಹೈವೇ ಮೊದ್ಲು ಕಾಣ್ಬೇಕಿತ್ತು. 2003ರಲ್ಲಿ ಅಂತರಿಕ್ಷಕ್ಕೆ ಹೋದ ಚೀನಾದ್ದೇ ಯಾಂಗ್ ಲಿವೇ, ಚಂದ್ರ ಬಿಡಿ, ಭೂಮಿ ಸುತ್ತ ಸುತ್ತೋವಾಗಲೇ ನಂಗೆ ಗೋಡೆ ಕಾಣ್ಲಿಲ್ಲ ಅಂದ್ರು.

ಲೆಕ್ಕ ಕೆಲವು ಸಲ ಉಲ್ಟಾನೂ ಹೊಡೆಯುತ್ತೆ. ಕ್ಲಿಯೋಪಾತ್ರಾ ಬದುಕಿದ್ದ ಕಾಲಕ್ಕೆ ಪಿರಮಿಡ್ ಕಟ್ಟಿದ ಕಾಲಕ್ಕಿಂತ ಚಂದ್ರನ ಮೇಲೆ ಕಾಲಿಟ್ಟ ಕಾಲನೇ ಹತ್ರ ಅಂದ್ರೆ ಬುರುಡೆ ಅನ್ಸುತ್ತೆ. ಗೀಜಾದ ದೊಡ್ಡ ಪಿರಮಿಡ್ ಕ್ರಿಸ್ತಪೂರ್ವ 2560ರ ಆಸುಪಾಸು, ಅವಳು ಸತ್ತಿದ್ದು ಕ್ರಿಸ್ತಪೂರ್ವ 30, ಚಂದ್ರ 1969. ಕಳೆದು ನೋಡಿ, ಒಂದು ಕಡೆ 2500 ವರ್ಷ, ಇನ್ನೊಂದು ಕಡೆ 2000. ಇಂಥ ವರ್ಷದ ಲೆಕ್ಕದ ವಾಕ್ಯ ಕೇಳಿದಾಗ ಎಷ್ಟೇ ವಿಚಿತ್ರ ಅನ್ಸಿದ್ರೂ "ನಿಜ" ಕಡೆಗೇ ವಾಲೋದು ಒಳ್ಳೇದು, ಯಾಕಂದ್ರೆ ಯಾರು ಬೇಕಾದ್ರೂ ಕಳೆದು ನೋಡಬಹುದಾದ್ದನ್ನ ಸುಳ್ಳು ಹೇಳೋಕೆ ಜನ ಸ್ವಲ್ಪ ಹೆದರ್ತಾರೆ.

ಸ್ಟೆಪ್ 6: "ಗೊತ್ತಿಲ್ಲ" ಅನ್ನೋ ಮೂರನೇ ಖಾನೆ ಇಟ್ಕೊಳ್ಳಿ

ಸೆಪ್ಟೆಂಬರ್ 15 ಬಂದ್ರೆ ಸರ್ ಎಂ.ವಿ. ರೈಲಿನ ಚೈನ್ ಎಳೆದ ಕಥೆ ಬರುತ್ತೆ, ಗಾಲಿ ಸದ್ದು ಬದಲಾಗಿದ್ದನ್ನ ಕೇಳಿಸ್ಕೊಂಡು ಮುಂದೆ ಹಳಿ ಮುರಿದಿದೆ ಅಂದ್ರು, ಕೆಳಗಿಳಿದು ನೋಡಿದ್ರೆ ನಿಜ್ವಾಗ್ಲೂ ಮುರಿದಿತ್ತು, ನಕ್ಕಿದ್ದ ಬ್ರಿಟಿಷರು ತಲೆ ತಗ್ಗಿಸಿದ್ರು. ಚೆನ್ನಾಗಿದೆ. ಆದ್ರೆ ನಿಮಗೆ ಬಂದ ಮೆಸೇಜ್‌ನಲ್ಲಿ ವರ್ಷ ಹುಡುಕಿ, ಯಾವ ಊರು, ಯಾವ ರೈಲು, ನೋಡಿದೋರು ಯಾರು ಅಂತ ಹುಡುಕಿ. ಅದೇನೂ ಇಲ್ಲದ ಕಥೆಗೆ ನಾನು 50 ಹಾಕಿ ಮುಂದೆ ಹೋಗ್ತೀನಿ. ಅವರ ಆಟೋಮ್ಯಾಟಿಕ್ ಗೇಟು 1903ರಲ್ಲಿ ಪುಣೆ ಹತ್ರ ಖಡಕ್‌ವಾಸ್ಲಾ ಅಣೆಕಟ್ಟಲ್ಲಿ ಕೂತಿದ್ದು ಮಾತ್ರ ಗ್ಯಾರಂಟಿ, ಊರು ಇದೆ, ವರ್ಷ ಇದೆ, ವಸ್ತು ಇದೆ.

ಹಾಗೇ "ಇದು ಸುಳ್ಳು ಕಣ್ರೀ" ಅಂತ ಹೇಳೋ ಮೆಸೇಜ್‌ಗೂ ಇದೇ ಪರೀಕ್ಷೆ ಮಾಡಿ. ಪಾಲಕ್‌ನಲ್ಲಿ ಕಬ್ಬಿಣ ಜಾಸ್ತಿ ಅನ್ನೋ ನಂಬಿಕೆ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಒಬ್ಬ ವಿಜ್ಞಾನಿ ದಶಾಂಶದ ಚುಕ್ಕಿ ತಪ್ಪು ಜಾಗದಲ್ಲಿಟ್ಟಿದ್ದಕ್ಕೆ ಅಂತ ಓದಿರ್ತೀರ. 2010ರಲ್ಲಿ ಮೈಕ್ ಸಟ್ಟನ್ ಅನ್ನೋರು ಆ ಚುಕ್ಕಿ ಹುಡ್ಕೊಂಡು ಹೊರಟ್ರೆ ಅಂಥದ್ದೊಂದು ತಪ್ಪು ಆಗಿತ್ತು ಅನ್ನೋಕೆ ಪುರಾವೆನೇ ಸಿಗ್ಲಿಲ್ಲ.

ಸ್ಟೆಪ್ 7: ಈಗ ಫೋನ್ ತೆಗೀರಿ

ಹೇಳಿಕೆನ ಇದ್ದ ಹಾಗೇ ಟೈಪ್ ಮಾಡಿದ್ರೆ ಅದನ್ನೇ ಕಾಪಿ ಹೊಡೆದ ಸೈಟ್‌ಗಳೇ ಸಿಗ್ತವೆ, ಹತ್ತು ಕಡೆ ಅದೇ ವಾಕ್ಯ ಇದ್ರೆ ಅದು ಒಂದೇ ಸಾಕ್ಷಿ. ಬದಲಿಗೆ ಎದುರಾಳಿನ ಹುಡುಕಿ, "ಬೆಂಗಳೂರು ಮೊದಲ ದೀಪ" ಅಂತಲ್ಲ, "1905ಕ್ಕೆ ಮುಂಚೆ ಏಷ್ಯಾದ ಬೀದಿದೀಪ" ಅಂತ ಹುಡುಕಿ. ಫೋಟೋ ಆದ್ರೆ ಗೂಗಲ್ ಲೆನ್ಸ್‌ಗೆ ಹಾಕಿ ಎಲ್ಲಕ್ಕಿಂತ ಹಳೇದು ಯಾವಾಗ ಬಂದಿದ್ದು ನೋಡಿ. ಕೇಂದ್ರ ಸರ್ಕಾರದ ಆದೇಶ, ಸ್ಕೀಮ್ ಅಂತ ಇದ್ರೆ ಸರ್ಕಾರದ್ದೇ ಪತ್ರಿಕಾ ಮಾಹಿತಿ ಕಚೇರಿ ನಡೆಸೋ ಪಿಐಬಿ ಫ್ಯಾಕ್ಟ್ ಚೆಕ್ ಇದೆ.

ಸ್ಟೆಪ್ 8: ನೀವೇ ಬುರುಡೆ ಮಾಡಿ

ಮನೇಲಿ ಭಾನುವಾರ ಆಡೋಕೆ ಇದು. ಒಬ್ಬೊಬ್ಬರೂ ಎರಡು ನಿಜ, ಒಂದು ಸುಳ್ಳು ತರಬೇಕು. ರೂಲ್ ಏನಂದ್ರೆ ಸುಳ್ಳನ್ನ ಗಾಳಿಯಿಂದ ಕಟ್ಟೋ ಹಾಗಿಲ್ಲ, ನಿಜ ಒಂದನ್ನ ತಗೊಂಡು ಬಾಲ ಮಾತ್ರ ಬದಲಾಯಿಸ್ಬೇಕು. ನಾಲ್ಕು ಸಲ ಬಾಲ ಕಟ್ಟಿದ ಮಕ್ಕಳಿಗೆ ಬೇರೆಯವರು ಕಟ್ಟಿದ ಬಾಲ ಬೇಗ ಕಣ್ಣಿಗೆ ಬೀಳುತ್ತೆ, ದೊಡ್ಡವರಿಗಿಂತ ಬೇಗ. ಆಟ ಮುಗಿದ ಮೇಲೆ ಯಾವ್ದು ಸುಳ್ಳು ಅಂತ ಕಡ್ಡಾಯವಾಗಿ ಹೇಳಿಬಿಡಿ, ಇಲ್ಲಾಂದ್ರೆ ಮುಂದಿನ ವಾರ ನಿಮ್ಮ ಚಿಕ್ಕಪ್ಪನ ಗ್ರೂಪಲ್ಲಿ ಅದೇ ಬರುತ್ತೆ.

ಶುರು ಮಾಡೋಕೆ ಐದು: (1) ಗೂಳಿಗೆ ಕೆಂಪು ಬಣ್ಣ ಕಂಡ್ರೆ ಕೋಪ. (2) ದೇಶದಲ್ಲಿ ಹಾರೋ ಪ್ರತಿಯೊಂದು ಬಾವುಟನೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾದದ್ದು. (3) ಒಬ್ಬನೇ ಮನುಷ್ಯನಿಗೆ ಏಳು ಸಲ ಸಿಡಿಲು ಹೊಡೆದಿದೆ. (4) ಶುಕ್ರ ಗ್ರಹದಲ್ಲಿ ಒಂದು ವರ್ಷಕ್ಕಿಂತ ತನ್ನ ಸುತ್ತ ತಾನು ಒಂದು ಸುತ್ತು ಹಾಕೋ ಟೈಮೇ ಜಾಸ್ತಿ. (5) ಒಂದು ಗಂಟೆನೂ ನಡೆಯದೆ ಮುಗಿದ ಯುದ್ಧ ಇದೆ.

ಉತ್ತರ: 1 ಸುಳ್ಳು, ಗೂಳಿಗೆ ಕೆಂಪು ಸರಿಯಾಗಿ ಕಾಣೋದೇ ಇಲ್ಲ, ಬಟ್ಟೆ ಅಲ್ಲಾಡಿಸೋದಕ್ಕೆ ನುಗ್ಗುತ್ತೆ. 2 ಸುಳ್ಳು, ಬೆಂಗೇರಿ ಖಾದಿ ಬಾವುಟ ನಿಜವಾಗ್ಲೂ ದೇಶಕ್ಕೇ ಹೆಸರುವಾಸಿ, ಆದ್ರೆ 2021ರ ಡಿಸೆಂಬರ್‌ನಲ್ಲಿ ಫ್ಲ್ಯಾಗ್ ಕೋಡ್ ತಿದ್ದಿ ಮೆಷಿನ್‌ನಲ್ಲಿ ಮಾಡಿದ ಪಾಲಿಯೆಸ್ಟರ್‌ಗೂ ಒಪ್ಪಿಗೆ ಕೊಟ್ರು, "ಪ್ರತಿಯೊಂದು" ನಿಲ್ಲಲ್ಲ. 3 ನಿಜ, ಅಮೆರಿಕದ ಅರಣ್ಯ ಉದ್ಯಾನದ ಗಾರ್ಡ್ ರಾಯ್ ಸಲಿವನ್, 1942ರಿಂದ 1977ರ ಒಳಗೆ. 4 ನಿಜ, ನಮ್ಮ ಲೆಕ್ಕದಲ್ಲಿ ಸುತ್ತೋಕೆ 243 ದಿನ, ವರ್ಷಕ್ಕೆ 225. 5 ನಿಜ, 1896ರಲ್ಲಿ ಬ್ರಿಟನ್ ಮತ್ತೆ ಜಂಜಿಬಾರ್ ಮಧ್ಯೆ, ಸುಮಾರು 40 ನಿಮಿಷ. ಬೆಟ್ ಕಟ್ಟೋದಾದ್ರೆ ಇದನ್ನೇ ಕೊನೆಗೆ ಇಟ್ಕೊಳ್ಳಿ, ಯಾರೂ ನಂಬಲ್ಲ.