ಕಾಕಂಬಿ ತೊಟ್ಟಿಯಲ್ಲಿ ಫೋರ್ಡ್ ಜೀಪು: ತುಕ್ಕು ತೆಗೆದ ನನ್ನ ಅನುಭವ

ಎರಡನೇ ಮಹಾಯುದ್ಧದ ಕಾಲದ ಫೋರ್ಡ್ ಜಿಪಿಡಬ್ಲ್ಯೂ ಜೀಪಿನ ಚಾಸಿ ನಂಬರು ಎಲ್ಲಿರುತ್ತದೆಂದು ಈ ಕೆಲಸದವರಿಗೆಲ್ಲ ಗೊತ್ತು. ಚಾಸಿ ಅಂದರೆ ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು; ಅದರ ಎರಡು ಉದ್ದ ಹಳಿಗಳಲ್ಲಿ ಎಡಗಡೆಯದರ ಮೇಲ್ಮೈಯಲ್ಲಿ, ಬಂಪರಿಗೂ ಎಂಜಿನ್ ಮೌಂಟಿಗೂ ನಡುವೆ. ನಾನು ಕೈಹಾಕಿದ ಜೀಪಿನಲ್ಲಿ ಆ ಜಾಗದಲ್ಲಿ ಇದ್ದದ್ದು ಚಕ್ಕೆ ಎದ್ದ ತುಕ್ಕು, ಅದರ ಮೇಲೆ ಮೂರು ಸಲ ಬಳಿದ ಬಣ್ಣ, ಅದರ ಮೇಲೆ ಗಟ್ಟಿಯಾದ ಗ್ರೀಸು. ಚಿಕ್ಕಮಗಳೂರಿನ ತೋಟದ ಮಳೆಯಲ್ಲಿ ಎಪ್ಪತ್ತು ವರ್ಷ ನೆನೆದ ಗಾಡಿ ಹಾಗಲ್ಲದೆ ಇನ್ನು ಹೇಗಿರುತ್ತದೆ. ಈಗ ಆ ಹಳಿಯ ಮೇಲೆ ಪ್ರತಿ ಅಂಕಿಯನ್ನೂ ಉಗುರಿನಿಂದ ಮುಟ್ಟಿ ಓದಬಹುದು. ಅದಕ್ಕೆ ನಾನು ಆಸಿಡ್ ಬಳಸಲಿಲ್ಲ, ಸ್ಯಾಂಡ್ ಬ್ಲಾಸ್ಟಿಂಗಿಗೂ ಕಳಿಸಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಹಸುವಿನ ಬೂಸಾಕ್ಕೆ ಕಲಸುವ ಕಾಕಂಬಿ, ಅದರಲ್ಲಿ ಮುಳುಗಿಸಿಟ್ಟೆ, ಅಷ್ಟೇ.

"ಕಾಕಂಬಿ ಹಸುಗೆ ಹಾಕಿ ಸಾರ್, ಚಾಸಿ ನಂಗೆ ಕೊಡಿ, ಎರಡು ದಿನದಲ್ಲಿ ಗ್ರೈಂಡರ್ ಹೊಡ್ದು ಕೊಡ್ತೀನಿ" ಎಂದು ಟಿಂಕರಿಂಗ್ ಮಾಡುವವರು ಹೇಳಿದರು. ಇಬ್ಬರು ಮೂವರು ಹಳೇ ಕಾರಿನ ಗೆಳೆಯರೂ ಅದನ್ನೇ ಹೇಳಿದರು. ಗ್ರೈಂಡರ್ ಹೊಡೆದಿದ್ದರೆ ನಂಬರು ಪುಡಿಯಾಗಿ ನೆಲಕ್ಕೆ ಬೀಳುತ್ತಿತ್ತು. ಈ ಒಂದೇ ಕಾರಣಕ್ಕೆ ಹಟ ಹಿಡಿದೆ.

ಯುದ್ಧಕಾಲದಲ್ಲಿ ವಿಲ್ಲಿಸ್, ಫೋರ್ಡ್ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಎರಡನ್ನೂ ಬೇರ್ಪಡಿಸುವುದು ಸಣ್ಣ ಗುರುತುಗಳೇ. ವಿಲ್ಲಿಸ್ ಎಂಬಿಯಲ್ಲಿ ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡನೆಯ ಪೈಪು, ಫೋರ್ಡಿನಲ್ಲಿ ಬೋರಲು ಹಾಕಿದ ದೋಣಿಯಂಥ ಚಾನೆಲ್ಲು. ಎಂಬಿಯ ನಂಬರು ಹಳಿಯ ಒಳಮಗ್ಗುಲಿಗೆ ರಿವೆಟ್ ಹೊಡೆದ ತಗಡಿನಲ್ಲಿ, ಫೋರ್ಡಿನದು ನೇರ ಹಳಿಯ ಮೇಲೆ. ಫೋರ್ಡಿನವರು ಬೋಲ್ಟಿನ ತಲೆ, ಬ್ರಾಕೆಟ್ಟು, ಕೊಂಡಿ, ಸಿಕ್ಕಿದ್ದರ ಮೇಲೆಲ್ಲ ಅವರ 'ಎಫ್' ಒತ್ತಿದರು. ಧರ್ಮಸ್ಥಳದ 'ಮಂಜೂಷಾ' ಮ್ಯೂಸಿಯಮ್ಮಿನಲ್ಲೋ ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಮ್ಯೂಸಿಯಮ್ಮಿನಲ್ಲೋ ಹಳೇ ಗಾಡಿ ನೋಡುವವರು ಬಣ್ಣ, ಕ್ರೋಮು, ಹೆಡ್‌ಲೈಟು ನೋಡಿ ಸಂತೋಷಪಡುತ್ತಾರೆ. ಶೋನಲ್ಲಿ ಅಂಕ ಹಾಕುವವರು ಟಾರ್ಚು ಹಿಡಿದು ಕೆಳಗೆ ಬಗ್ಗುತ್ತಾರೆ. ಹರಾಜಿನಲ್ಲಿ ಬೆಲೆ ಕಟ್ಟುವವರೂ ಹಾಗೆಯೇ. ಅವರಿಗೆ ಬೇಕಾದದ್ದು ಆ ಎಫ್ ಮತ್ತು ಆ ನಂಬರು. 2021ರ ಜುಲೈಯಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದಲ್ಲೂ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನು ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿ 'ವಿಎ' ಅಕ್ಷರದ ಪ್ಲೇಟು ತಗೊಳ್ಳುವ ಹೊತ್ತಿಗೆ ಚಾಸಿ ನಂಬರು ಓದಲಾಗದಿದ್ದರೆ ಉತ್ತರ ಹೇಳುವುದು ಯಾರು?

ಇನ್ನು ಕೆಲಸಕ್ಕೆ ಬರುತ್ತೇನೆ.

ಕಾಕಂಬಿಗೆ ಅಬಕಾರಿ ಇಲಾಖೆಯ ಕಟ್ಟುಪಾಡಿದೆ, ಬೇಕಾದಷ್ಟು ಬ್ಯಾರೆಲ್ ತುಂಬಿಕೊಂಡು ಬರುವಂತಿಲ್ಲ. ಪಶು ಆಹಾರದ ಅಂಗಡಿಯಲ್ಲಿ ಬಿಲ್ ಹಾಕಿಸಿ ಸ್ವಲ್ಪಸ್ವಲ್ಪ ತಂದೆ. ಹಾಸನ, ಚನ್ನರಾಯಪಟ್ಟಣದ ಕಡೆ ಸಲೀಸಾಗಿ ಸಿಗುತ್ತದೆ. ಕೆಜಿಗೆ 20 ರೂಪಾಯಿ ಆಸುಪಾಸು ಬಿದ್ದ ನೆನಪು. ಒಂದು ಲೀಟರ್ ಕಾಕಂಬಿ ಹೆಚ್ಚುಕಡಿಮೆ ಒಂದೂ ಕಾಲು, ಒಂದೂವರೆ ಕೆಜಿ ತೂಗುತ್ತದೆ, ಲೆಕ್ಕ ಹಾಕುವಾಗ ಇದು ನೆನಪಿರಲಿ.

ಮೊದಲ ತೊಟ್ಟಿ ಪೂರ್ತಿ ಕೆಟ್ಟಿತು. ಗಟ್ಟಿಯಿದ್ದಷ್ಟೂ ಬೇಗ ಆಗುತ್ತದೆಂದು ಒಂದು ಪಾಲಿಗೆ ಮೂರು ಪಾಲು ನೀರು ಹಾಕಿದ್ದೆ. ನಾಲ್ಕನೇ ದಿನಕ್ಕೆ ನೊರೆ ಉಕ್ಕಿ ಡ್ರಮ್ಮಿನಿಂದಾಚೆ ಬಂತು, ಹುಳಿ ವಾಸನೆ, ನೊಣ. ಹತ್ತು ದಿನ ಬಿಟ್ಟು ತೆಗೆದರೆ ತುಕ್ಕು ಹಾಗೇ ಇದೆ. ತಪ್ಪು ಕಾಕಂಬಿಯದಲ್ಲ. ಡೀಸೆಲ್ಲಿನಲ್ಲಿ ಒಂದು ಸಲ ಒರೆಸಿ ಹಾಕಿದ್ದೆ, ತುಕ್ಕಿನ ಪದರದೊಳಗೆ ಗ್ರೀಸು ಹಾಗೇ ಉಳಿದಿತ್ತು. ಗ್ರೀಸು ಇದ್ದಲ್ಲಿ ಕಾಕಂಬಿ ಮುಟ್ಟುವುದೇ ಇಲ್ಲ. ಆಮೇಲೆ ಕ್ರಮ ಬದಲಿಸಿದೆ: ಡೀಸೆಲ್ ಹಾಕಿ ವೈರ್ ಬ್ರಷ್ಷಿನಲ್ಲಿ ಉಜ್ಜುವುದು, ಎದ್ದ ಚಕ್ಕೆಯನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಉದುರಿಸುವುದು, ಕುದಿಯುವ ನೀರಿಗೆ ವಾಷಿಂಗ್ ಸೋಡಾ ಹಾಕಿ ಎರಡು ಸಲ ತೊಳೆಯುವುದು, ದಪ್ಪ ಬಣ್ಣವಿದ್ದರೆ ಪೇಂಟ್ ರಿಮೂವರ್ ಹಚ್ಚಿ ಕೆರೆಯುವುದು. ತೊಳೆದ ಮೇಲೆ ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿದರೆ ಗ್ರೀಸು ಹೋಗಿದೆ ಎಂದರ್ಥ. ಈ ಪರೀಕ್ಷೆ ಮಾಡದೆ ಯಾವುದನ್ನೂ ತೊಟ್ಟಿಗೆ ಇಳಿಸಬೇಡಿ.

ಪಾಕದ ಅಳತೆ ಕೊನೆಗೆ ನಿಂತದ್ದು ಒಂದಕ್ಕೆ ಒಂಬತ್ತರಲ್ಲಿ. ಒಂದಕ್ಕೆ ಐದು ಹಾಕಿ ಪಕ್ಕದಲ್ಲೇ ಇನ್ನೊಂದು ಡ್ರಮ್ಮಿನಲ್ಲಿ ಇಟ್ಟು ನೋಡಿದ್ದೇನೆ, ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ, ದುಡ್ಡು ಮಾತ್ರ ಹೆಚ್ಚು ಹೋಯಿತು. ಕಾಕಂಬಿಯನ್ನು ಮೊದಲು ಬಿಸಿನೀರಿನಲ್ಲಿ ಕರಗಿಸಿ ಆಮೇಲೆ ತಣ್ಣೀರು ಸೇರಿಸಬೇಕು, ಇಲ್ಲದಿದ್ದರೆ ತಳ ಹಿಡಿದು ಕೂರುತ್ತದೆ.

ಸಣ್ಣ ಸಾಮಾನಿಗೆ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಎರಡು. ಚಾಸಿಗೆ ಡ್ರಮ್ಮು ಸಾಲದು. ಕಾಫಿ ಕಣದ ಪಕ್ಕ ನೆಲ ಅಗೆದು 11 ಅಡಿ ಉದ್ದ, 3 ಅಡಿ ಅಗಲ, ಒಂದಡಿ ಆಳದ ಹೊಂಡ ಮಾಡಿ, ತಳಕ್ಕೆ ಗೋಣಿಚೀಲ ಹಾಸಿ, ಮೇಲೆ ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್ ಟಾರ್ಪಾಲು) ಎರಡು ಪದರ ಹಾಕಿದೆ. ಲೆಕ್ಕಕ್ಕೆ 900 ಲೀಟರ್ ಮೇಲೆ ಹಿಡಿಯುತ್ತದೆ. ಆದರೆ ಚಾಸಿಯ ಎರಡು ಹಳಿಯ ನಡುವೆ ಖಾಲಿ ಜಾಗವೇ ಹೆಚ್ಚು. ಅಲ್ಲಿಗೆ ನೀರು ತುಂಬಿ ಮುಚ್ಚಳ ಬಿಗಿದ ಹಳೇ ಕ್ಯಾನುಗಳನ್ನು ಇಟ್ಟು ಮೇಲೆ ಕಲ್ಲು ಹೇರಿದೆ, 650 ಲೀಟರಿಗೇ ಮಟ್ಟ ಬಂತು. ಕಾಕಂಬಿ 70 ಲೀಟರಿನೊಳಗೆ ಮುಗಿಯಿತು. ಚಾಸಿಯ ಚೂಪು ಮೂಲೆಗಳಿಗೆ ಹಳೇ ಟ್ಯೂಬಿನ ತುಂಡು ಕಟ್ಟದಿದ್ದರೆ ಸಿಲ್ಪಾಲಿನ್ ಹರಿಯುತ್ತದೆ. ನನ್ನದು ಒಂದು ರಾತ್ರಿ ಹರಿದು ಅರ್ಧ ಪಾಕ ಮಣ್ಣು ಕುಡಿಯಿತು.

ಸಾಮಾನು ಪೂರ್ತಿ ಮುಳುಗಿರಬೇಕು. ಇದನ್ನು ಅಲಕ್ಷ್ಯ ಮಾಡಿದ್ದಕ್ಕೆ ಬಲಗಡೆ ಮಡ್ಗಾರ್ಡ್ ಬೆಲೆ ತೆತ್ತಿತು. ಏಪ್ರಿಲ್ ಬಿಸಿಲಿಗೆ ಪಾಕ ಎರಡು ಇಂಚು ಇಳಿದು, ಗಾಳಿ ಮತ್ತು ಪಾಕ ಸೇರುವ ಗೆರೆಯುದ್ದಕ್ಕೂ ತಗಡನ್ನು ಕೊರೆದಿತ್ತು. ತೊಳೆದಾಗ ಚಾಕುವಿನಲ್ಲಿ ಗೀರಿದ ಹಾಗೆ ನೇರ ಗೆರೆ. ಅದನ್ನು ಗ್ಯಾಸ್ ವೆಲ್ಡಿಂಗಿನಲ್ಲಿ ತುಂಬಿ ತಟ್ಟಿ ಸರಿಮಾಡಲು ಎರಡು ದಿನದ ಕೂಲಿ. ಅಂದಿನಿಂದ ಡ್ರಮ್ಮಿಗೆ ಮುಚ್ಚಳ, ದಿನಕ್ಕೊಮ್ಮೆ ಮಟ್ಟ ನೋಡಿ ನೀರು ಹಾಕುವುದು. ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ, ಅದರಿಂದ ತೊಂದರೆಯಿಲ್ಲ, ಕಡ್ಡಿಯಲ್ಲಿ ಎತ್ತಿ ಹಾಕಿದರೆ ಸಾಕು.

ಇನ್ನೊಂದು ನಷ್ಟ ಫ್ಯೂಯಲ್ ಪಂಪಿನದು. ಕಬ್ಬಿಣದ ಸಾಮಾನಿನ ಜೊತೆ ಅದರ ಬಾಡಿಯನ್ನೂ ಇಳಿಸಿಬಿಟ್ಟಿದ್ದೆ. ಮಜಾಕು (ಸತುವಿನ ಮಿಶ್ರಲೋಹದ ಎರಕ), ಅಲ್ಯೂಮಿನಿಯಂ, ಸತುವಿನ ಲೇಪ ಇವನ್ನು ಕಾಕಂಬಿ ಬಿಡುವುದಿಲ್ಲ. ವಾರ ಕಳೆದು ತೆಗೆದರೆ ಮೈತುಂಬ ಗುಳಿ. ಬದಲಿಗೆ ಹಳೇ ಸಾಮಾನಿನ ಅಂಗಡಿಯಲ್ಲಿ 3,500 ಕೊಟ್ಟೆ. ಕಾರ್ಬೊರೇಟರ್, ಪಿಸ್ಟನ್, ಬೇರಿಂಗು, ಗೇರಿನ ಹಲ್ಲು, ನುಣ್ಣಗೆ ಕಡೆದ ಯಾವ ಮುಖವನ್ನೂ ತೊಟ್ಟಿಗೆ ತರಬಾರದು. ಎರಕದ ಕಬ್ಬಿಣವನ್ನು ಹೆಚ್ಚು ದಿನ ಬಿಟ್ಟರೆ ಮೇಲೆ ಪೆನ್ಸಿಲ್ ಸೀಸದಂಥ ಮೆತ್ತನೆ ಕಪ್ಪು ಪದರ ಉಳಿಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಹತ್ತು ದಿನಕ್ಕೇ ತೆಗೆದೆ.

ಎಷ್ಟು ದಿನ? ಏಪ್ರಿಲ್, ಮೇ ತಿಂಗಳಲ್ಲಿ ಬೋಲ್ಟು, ಬ್ರಾಕೆಟ್ಟಿಗೆ ಏಳೆಂಟು ದಿನ, ಚಾಸಿಗೆ ಎರಡು ವಾರ. ಜುಲೈ ಚಳಿಯಲ್ಲಿ ಅದೇ ಬೋಲ್ಟಿಗೆ ಮೂರು ವಾರ ಹಿಡಿಯಿತು. ಮಧ್ಯೆ ಒಮ್ಮೆ ತೆಗೆದು ಪ್ರೆಶರ್ ವಾಷರ್ ಹೊಡೆದು ಕಪ್ಪು ರಾಡಿ ಕಳೆದು ಮತ್ತೆ ಇಳಿಸಿದರೆ ಮೂರು ನಾಲ್ಕು ದಿನ ಉಳಿಯುತ್ತದೆ.

ಬಂಪರಿನ ಬೋಲ್ಟು ತೆಗೆದ ದಿನ ಹೇಳಬೇಕು. ಡ್ರಮ್ಮಿನಿಂದ ಎತ್ತಿದಾಗ ಕರ್ರಗೆ, ಜಾರುವ ರಾಡಿ ಮೆತ್ತಿದ ಒಂದು ಉಂಡೆ. ನಲ್ಲಿ ಕೆಳಗೆ ಹಿಡಿದು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಾಲ್ಕು ಸಲ ತಿಕ್ಕಿದೆ. ರಾಡಿ ಹೋಗಿ ಬೂದು ಬಣ್ಣದ ತಲೆ ಕಂಡಿತು, ಅದರ ನಡುವೆ ಬಾಲ ಬಳುಕಿದ ಎಫ್, ಅಂಚು ಕೂಡ ಸವೆದಿಲ್ಲ. ಆ ಜೀಪಿನಲ್ಲಿ ಅಂಥವು ನಲವತ್ತರ ಮೇಲೆ ಸಿಕ್ಕಿದವು. ನಕಲಿ ಎಫ್ ಬೋಲ್ಟನ್ನು ಹೊರದೇಶದಿಂದ ತರಿಸಿ ಹಾಕಿಕೊಳ್ಳುವವರಿದ್ದಾರೆ. ನನ್ನ ಗಾಡಿಯವು ಗಾಡಿಯ ಜೊತೆ ಹುಟ್ಟಿದವು, ಯಾರು ಬೇಕಾದರೂ ಟಾರ್ಚು ತಂದು ನೋಡಲಿ.

ನಮ್ಮ ಊರಲ್ಲಿ ಅರ್ಧ ಕೆಲಸ ತೊಟ್ಟಿಯಿಂದ ತೆಗೆದ ಮೇಲೆ ಇರುತ್ತದೆ. ಬರಿ ಕಬ್ಬಿಣ ಜುಲೈ ಗಾಳಿಗೆ ಬಂದ ಕಾಲು ಗಂಟೆಯಲ್ಲೇ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ಕಂತಿನ ಸಾಮಾನೆಲ್ಲ ಹೀಗೆ ಹಾಳಾಗಿ ಮತ್ತೆ ತೊಟ್ಟಿಗೆ ಹೋಯಿತು. ಈಗ ತೊಳೆದ ಕೂಡಲೇ ಬಿಸಿ ಸೋಡಾ ನೀರಿನಲ್ಲಿ ಅದ್ದಿ, ಬ್ಲೋಯರ್ ಹಿಡಿದು ಒಣಗಿಸಿ, ಕೈಗೆ ಬಿಸಿ ತಾಗುವಾಗಲೇ ತೆಳು ಫಾಸ್ಫಾರಿಕ್ ಆಸಿಡ್ ಒರೆಸಿ, ಅದು ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್. ರೆಡ್ ಆಕ್ಸೈಡ್ ಮಾತ್ರ ಬಳಿದು ಬಿಟ್ಟರೆ ಎರಡು ಮಳೆಗಾಲ ತಡೆಯುವುದಿಲ್ಲ. ಕೊನೆಯ ಅದ್ದುವ ನೀರಿಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ, ಅದರಿಂದ ಕಾಲು ಗಂಟೆ ಅರ್ಧ ದಿನವಾಗುತ್ತದೆ. ಅದು ಸದ್ಯ ನನ್ನ ಬಳಿಯೇ ಇರಲಿ. ನಂಬರಿನ ಜಾಗಕ್ಕೆ ಬಣ್ಣ ಹೇಗೆ ಹೊಡೆದರೆ ಅಂಕಿ ತುಂಬಿಹೋಗುವುದಿಲ್ಲ ಎಂಬುದೂ ಹಾಗೆಯೇ.

ಪೆಟ್ರೋಲ್ ಟ್ಯಾಂಕು ಕುಳಿತುಕೊಳ್ಳುವ ಗುಂಡಿ, ಅದೇ ಡ್ರೈವರ್ ಸೀಟಿನ ಕೆಳಗಿನದು, ತೊಟ್ಟಿಯಿಂದ ಎದ್ದಾಗ ಜರಡಿಯಾಗಿತ್ತು. ಕಾಕಂಬಿ ಕಬ್ಬಿಣ ತಿಂದಿತು ಎಂದು ಸುದ್ದಿ ಹಬ್ಬಿತು. ನೀರು ಹೋಗುವ ತೂತು ಕಟ್ಟಿ ತಗಡು ಎಂದೋ ಹೋಗಿತ್ತು, ತಗಡಿದ್ದ ಜಾಗದಲ್ಲಿ ಉಳಿದಿದ್ದದ್ದು ತುಕ್ಕು ಮಾತ್ರ. ಅನುಮಾನ ತೀರಲೆಂದು ಹೊಳೆಯುವ ಹೊಸ ಬೋಲ್ಟೊಂದನ್ನು, ಲೇಪವಿಲ್ಲದ್ದು, ತೂಕ ಮಾಡಿ ಮೂರು ವಾರ ಅದೇ ಡ್ರಮ್ಮಿನಲ್ಲಿಟ್ಟೆ. ನನ್ನ ಅಡುಗೆಮನೆ ತಕ್ಕಡಿಗೆ ಗೊತ್ತಾಗುವಷ್ಟು ತೂಕ ಇಳಿಯಲಿಲ್ಲ. ಗುಂಡಿಗೆ 18 ಗೇಜಿನ ತಗಡು ಕತ್ತರಿಸಿ ಪ್ಯಾಚ್ ಹಾಕಿದ್ದಾಯಿತು. ಬಾಡಿಯ ತಳದ ಟೋಪಿಯಾಕಾರದ ಪಟ್ಟಿಗಳನ್ನು ಬಿಚ್ಚಿದರೆ ಒಳಗೆ ಕಂಪನಿಯವರೇ ಇಟ್ಟ ಮರದ ತುಂಡು ಸ್ಪಂಜಿನಂತೆ ನೀರು ಹಿಡಿದು ಕೊಳೆತಿರುತ್ತದೆ. ಆ ಪಟ್ಟಿ ಬಿಚ್ಚದೆ ಬಾಡಿ ರಿಪೇರಿ ಮಾಡಿದರೆ ಕೆಲಸ ದಂಡ. ಹೊಸದಕ್ಕೆ ತೇಗದ ತುಂಡನ್ನು ಅಗಸೆ ಎಣ್ಣೆಯಲ್ಲಿ ನೆನೆಸಿ ಹಾಕಿದೆ.

ಡ್ಯಾಶ್‌ಬೋರ್ಡಿನ ಮುಂದಿನ ಭಾಗ ಬಿಚ್ಚಲು ಬರುವುದಿಲ್ಲ. ಅದಕ್ಕೆ ಪಾಕದಲ್ಲಿ ಅದ್ದಿದ ಗೋಣಿ ಹೊದಿಸಿ ಮೇಲೆ ಪ್ಲಾಸ್ಟಿಕ್ ಸುತ್ತಿ ನೋಡಿದೆ. ಬೆಳಿಗ್ಗೆ ಸಂಜೆ ಪಾಕ ಎರೆದು ಒದ್ದೆ ಇಟ್ಟಷ್ಟು ದಿನ ಕೆಲಸ ಮಾಡಿತು. ಎರಡು ದಿನ ಮರೆತದ್ದಕ್ಕೆ ಒಣಗಿ ಕಲೆ ಕಟ್ಟಿತು. ಅರ್ಧ ಗೆಲುವು.

ಬೇರೆ ಪ್ರಯೋಗಗಳೂ ನಡೆದವು. ಕಾಫಿ ಪಲ್ಪ್ ಮಾಡಿದ ಹುಳಿನೀರಿನಲ್ಲಿ ಬೋಲ್ಟು ಹಾಕಿದ್ದೆ, ತುಕ್ಕು ಸಡಿಲಾಯಿತು, ಆದರೆ ಅಲ್ಲಲ್ಲಿ ಮಾತ್ರ. ಕರಿಬೆಲ್ಲ ಕರಗಿಸಿದರೆ ಕಾಕಂಬಿಯಂತೆಯೇ ಕೆಲಸ ಮಾಡುತ್ತದೆ, ಖರ್ಚು ಎರಡು ಮೂರು ಪಟ್ಟು. ಕೊಪ್ಪದ ಕಡೆಯಿಂದ ತಂದ ಅಡಿಕೆ ಚೊಗರು (ಅಡಿಕೆ ಬೇಯಿಸಿ ಉಳಿದ ಒಗರು ನೀರು) ನಿಜಕ್ಕೂ ಖುಷಿ ಕೊಟ್ಟಿತು: ತುಕ್ಕಿನ ಮೇಲೆ ಬಳಿದರೆ ರಾತ್ರಿ ಕಳೆಯುವುದರೊಳಗೆ ನೀಲಿಗಪ್ಪು. ಆದರೆ ಅದರ ಮೇಲೆ ಹೊಡೆದ ಬಣ್ಣ ಮೂರು ತಿಂಗಳಿಗೆ ಗುಳ್ಳೆ ಎದ್ದಿತು, ಅಂಟು ಉಳಿದಿರಬೇಕು. ಹಾಗಾಗಿ ಅದನ್ನು ಬಣ್ಣ ಬೇಡದ ಒಳಮೂಲೆಗಳಿಗಷ್ಟೇ ಬಳಿದು ಮೇಲೆ ಗ್ರೀಸು ತೀಡುತ್ತೇನೆ. ಪೆಟ್ರೋಲ್ ಟ್ಯಾಂಕಿನ ಒಳಗೆ ಕಾಕಂಬಿ ಹಾಕಲಿಲ್ಲ, ಮೂಲೆಯ ರಾಡಿ ತೊಳೆಯಲು ಬ್ರಷ್ಷು ಹೋಗುವುದಿಲ್ಲ. ಅದಕ್ಕೆ ವಾಷಿಂಗ್ ಸೋಡಾ ನೀರು ತುಂಬಿ ಬ್ಯಾಟರಿ ಚಾರ್ಜರ್ ಕೊಟ್ಟೆ: ಟ್ಯಾಂಕಿಗೆ ನೆಗೆಟಿವ್, ನಡುವೆ ತೂಗಿಬಿಟ್ಟ ಕಬ್ಬಿಣದ ಸರಳಿಗೆ ಪಾಸಿಟಿವ್, ಸರಳು ಎಲ್ಲೂ ಟ್ಯಾಂಕಿಗೆ ತಾಗಬಾರದು. ಸ್ಟೇನ್‌ಲೆಸ್ ಸರಳು ಹಾಕಲೇಬೇಡಿ, ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಬೇಕು, ಬೀಡಿ ಸಿಗರೇಟು ದೂರ. ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯದೆ ಕರೆಂಟು ಕೊಡುವುದು ಜೀವಕ್ಕೇ ಅಪಾಯ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಬ್ಲಾಸ್ಟಿಂಗಿಗೆ ಬೆಂಗಳೂರಿನಲ್ಲಿ 35,000 ಕೇಳಿದ್ದರು, ಹೋಗಿಬರುವ ಲಾರಿ ಬಾಡಿಗೆ ಬೇರೆ, ಹೆಚ್ಚುಕಡಿಮೆ 20,000. ಅದಕ್ಕೂ ಮೊದಲು ಒಂದು ಕಡೆ ಬಾನೆಟ್ ಕೊಟ್ಟಿದ್ದೆ, ಮರಳಿನ ಹೊಡೆತಕ್ಕೆ ತಗಡು ಅಲೆಯೆದ್ದು ಬಂತು, ಆ 4,000 ಹೋದದ್ದೇ. ಕಾಕಂಬಿಗೆ, ಕೆಟ್ಟ ತೊಟ್ಟಿ ಮತ್ತು ಹರಿದ ಹೊಂಡ ಸೇರಿ, 5,000ದ ಆಸುಪಾಸು. ಡ್ರಮ್ಮು, ಸಿಲ್ಪಾಲಿನ್, ಸೋಡಾ, ಪೇಂಟ್ ರಿಮೂವರ್ ಎಲ್ಲ ಕೂಡಿ ಇನ್ನೊಂದು 6,000. ತೊಳೆಯಲು ಆಳಿನ ಕೂಲಿ 8,000 ಆಗಿರಬಹುದು. ಫ್ಯೂಯಲ್ ಪಂಪು, ಮಡ್ಗಾರ್ಡಿನ ನಷ್ಟ ಸೇರಿಸಿದರೂ 25,000ದ ಒಳಗೇ ನಿಲ್ಲುತ್ತದೆ.

ಮುಗಿದ ಪಾಕವನ್ನು ಗೊಬ್ಬರದ ಗುಂಡಿಗೆ ಸುರಿಯಬಹುದಲ್ಲ ಎಂದು ಕೇಳುತ್ತಾರೆ. ಹಳೇ ಬಣ್ಣದಲ್ಲಿ ಸೀಸವಿರುತ್ತದೆ, ಹಳ್ಳಕ್ಕೂ ಗಿಡಕ್ಕೂ ಬಿಡಬೇಡಿ. ನಾನು ಅದನ್ನು ಬಿಸಿಲಿಗೆ ಆರಲು ಬಿಟ್ಟು, ಉಳಿದ ಕೆಸರನ್ನು ಡಬ್ಬದಲ್ಲಿ ಮುಚ್ಚಿಟ್ಟಿದ್ದೇನೆ. ಮೇಲಿನ ತಿಳಿಯನ್ನು ಸೋಸಿ ಒಂದಿಷ್ಟು ಹೊಸ ಕಾಕಂಬಿ ಕೂಡಿಸಿದರೆ ಮೂರು ನಾಲ್ಕು ಕಂತು ನಡೆಯುತ್ತದೆ.

ಈಗ ಎರಡೂ ಡ್ರಮ್ಮಿನಲ್ಲಿ ಬೇರೆಯವರ ಸಾಮಾನು ಇದೆ. ಒಂದರಲ್ಲಿ ಮೂಡಿಗೆರೆ ಕಡೆಯ ಜೀಪಿನ ಕಮಾನು ಪಟ್ಟಿ ಮತ್ತು ಕೊಂಡಿಗಳು, ಇನ್ನೊಂದರಲ್ಲಿ ಹಾಸನದಿಂದ ಬಂದ ಫಿಯಟ್ 1100ರ ಚಕ್ರದ ಡಿಸ್ಕು ನಾಲ್ಕು. ಗ್ರೈಂಡರ್ ಹೊಡೆದು ಕೊಡುತ್ತೇನೆ ಎಂದಿದ್ದ ಟಿಂಕರಿಂಗಿನವರೇ ಆ ಡಿಸ್ಕು ಕಳಿಸಿದ್ದಾರೆ. ಮಳೆ ಹಿಡಿದಿದೆ, ಮೂರು ವಾರಕ್ಕೆ ಮುಂಚೆ ಮುಚ್ಚಳ ತೆಗೆಯುವುದಿಲ್ಲ ಎಂದು ಇಬ್ಬರಿಗೂ ಹೇಳಿದ್ದೇನೆ.